ಸವೆಯದ ಗುಂಡು, ಒಡೆಯುವ ಬಟ್ಟಲು

ಹೋದ ತಿಂಗಳ ಒಂದು ಸಂಜೆ ನಾವು ಓದಲು ಕುಳಿತ ಹೊತ್ತಿಗೆ ಗಿರಿನಗರದ ನಮ್ಮ ಮನೆಯ ಬಾಗಿಲಿಗೆ ನೆರೆಬೀದಿಯ ತಾಯಿಯೊಬ್ಬರು ಬಂದು ನಿಂತರು. ಅವರ ಕೈಯಲ್ಲಿ ಆಸ್ಪತ್ರೆಯೊಂದರ ಅಂದಾಜು ವೆಚ್ಚದ ಹಾಳೆಯಿತ್ತು. ಮಗನಿಗೆ 41 ವರ್ಷ. 2021ರಲ್ಲಿ ಕೋವಿಡ್ ತೀವ್ರವಾದಾಗ ಜೀವ ಉಳಿಸಲೆಂದು ಕೊಟ್ಟ ಸ್ಟೀರಾಯ್ಡ್ ಕಾರಣವಿರಬಹುದೆಂದು ವೈದ್ಯರ ಊಹೆ. ಅಂತೂ ಆತನ ಬಲತೊಡೆಯ ಮೂಳೆಯ ತಲೆಗೆ ರಕ್ತಸಂಚಾರ ನಿಂತು, ಮೂಳೆ ಸತ್ತು, ಕುಸಿದಿದೆ. ಸೊಂಟದ ಕೀಲನ್ನು ಬದಲಿಸುವುದರ ಹೊರತು ಅನ್ಯ ಮಾರ್ಗವಿಲ್ಲ ಎಂದಾಗಿತ್ತು. ಹಾಳೆಯಲ್ಲಿ ಮೂರು ಸಾಲು, ಮೂರು ಬೆಲೆ.

"ಶಾಸ್ತ್ರಿಗಳೇ, ಮೆಟಲ್ ಅಂತ ಒಂದು ಬರೆದಿದ್ದಾರೆ, ಸೆರಾಮಿಕ್ ಅಂತ ಇನ್ನೆರಡು. ಸೆರಾಮಿಕ್ ಅಂದರೆ ಪಿಂಗಾಣಿಯಂತೆ. ಕೈಜಾರಿದರೆ ಉಪ್ಪಿನಕಾಯಿ ಜಾಡಿ ಒಡೆದುಹೋಗುತ್ತೆ. ಅಂಥಾದ್ದನ್ನ ಹೆಚ್ಚು ದುಡ್ಡು ಕೊಟ್ಟು ಮಗನ ಸೊಂಟದೊಳಗೆ ಇಡಿಸಲಾ?" ಎಂದರು.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನಮಗೆ ಇಂತಹ ಪ್ರಶ್ನೆಗೆ ಉತ್ತರಿಸುವ ಅಧಿಕಾರವಿಲ್ಲ. ಆದರೂ ಆ ತಾಯಿ ನಮ್ಮಲ್ಲಿಗೇ ಬಂದುದಕ್ಕೆ ಕಾರಣವಿತ್ತು. ನಮ್ಮ ಅಣ್ಣನವರು ಹದಿನೈದು ವರ್ಷ ಕೃತಕ ಕೀಲಿನ ಮೇಲೆ ನಡೆದು, ಆಮೇಲೆ ಅದರಿಂದಲೇ ಬವಣೆಪಟ್ಟುದನ್ನು ಬೀದಿಯವರೆಲ್ಲ ಬಲ್ಲರು. ಆ ಕಾಲದಲ್ಲಿ ವೈದ್ಯರ ಬಳಿ ಕೇಳಿ ತಿಳಿದುದನ್ನೂ, ಈಚೆಗೆ ಓದಿ ತಿಳಿದುದನ್ನೂ ಸೇರಿಸಿ ಅವರಿಗೆ ಹೇಳಿದೆವು. ಇತ್ತೀಚೆಗೆ ನಮ್ಮ ವಾಚಕರ ಮನೆಗಳಲ್ಲಿಯೂ ಇಂಥದೇ ಹಾಳೆಗಳು ಬರುತ್ತಿರುವುದರಿಂದ ಅದನ್ನೇ ಇಲ್ಲಿ ವಿಸ್ತರಿಸುತ್ತೇವೆ.

ಸೊಂಟದ ಕೀಲೆಂದರೆ ಒಂದು ಒರಳು ಮತ್ತು ಗುಂಡು. ಕಟಿಯ ಮೂಳೆಯಲ್ಲಿ ಬಟ್ಟಲಿನಂತಹ ಕುಳಿ, ಅದರೊಳಗೆ ತೊಡೆಮೂಳೆಯ ದುಂಡನೆಯ ತಲೆ. ಒರಳುಕಲ್ಲಿಗೂ ಇದಕ್ಕೂ ಒಂದೇ ವ್ಯತ್ಯಾಸ: ಒರಳು ರುಬ್ಬಬೇಕು, ಕೀಲು ರುಬ್ಬಕೂಡದು. ಹಿಟ್ಟು ರುಬ್ಬುವ ಕಲ್ಲು ವರ್ಷಾನುಗಟ್ಟಲೆ ತಿರುಗಿ ನುಣ್ಣಗಾದಾಗ ಬೀದಿಯಲ್ಲಿ ಕೂಗುತ್ತ ಬರುವವನನ್ನು ಕರೆದು ಉಳಿಪೆಟ್ಟು ಹಾಕಿಸುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಸವೆದ ಕಲ್ಲು ಎಲ್ಲಿ ಹೋಯಿತು? ಪುಡಿಯಾಗಿ ಹಿಟ್ಟಿನೊಡನೆ ನಮ್ಮ ಹೊಟ್ಟೆಗೇ ಹೋಯಿತು; ಅಲ್ಲಿಂದ ಹೊರಗೂ ಹೋಯಿತು. ಕೃತಕ ಕೀಲಿನ ಪುಡಿಗೆ ಮಾತ್ರ ಹೊರಗೆ ಹೋಗುವ ದಾರಿಯಿಲ್ಲ. ಈ ಶಸ್ತ್ರಚಿಕಿತ್ಸೆಯ ಅರವತ್ತು ವರ್ಷಗಳ ಇತಿಹಾಸವೆಲ್ಲ ಈ ಪುಡಿಯೊಡನೆ ನಡೆದ ಹೋರಾಟವೇ ಆಗಿದೆ.

ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯರು ಮೊದಲು ಬಟ್ಟಲಿಗೆ ಟೆಫ್ಲಾನ್ ಬಳಸಿದರು. ಇಂದು ದೋಸೆಯ ಕಾವಲಿಗೆ ಬಳಿಯುವ ವಸ್ತುವೇ ಅದು. ಜಾರುಗುಣದಲ್ಲಿ ಅದಕ್ಕೆ ಸಮನಿರಲಿಲ್ಲ. ಆದರೆ ಎರಡು ಮೂರು ವರ್ಷಗಳಲ್ಲೇ ಬಟ್ಟಲುಗಳು ಸವೆದು, ಅದರ ಪುಡಿ ಸುತ್ತಲಿನ ಮಾಂಸಮೂಳೆಗಳನ್ನು ಕೆಡಿಸಿ, ನೂರಾರು ರೋಗಿಗಳಿಗೆ ಮರಳಿ ಶಸ್ತ್ರಕ್ರಿಯೆ ಮಾಡಬೇಕಾಯಿತು. ಪುಡಿಯೇ ದೋಷಿಯೇ ಎಂದು ಅರಿಯಲು ಚಾರ್ನ್ಲಿಯವರು ಟೆಫ್ಲಾನಿನ ಕಣಗಳನ್ನು ತಮ್ಮ ತೊಡೆಗೇ ಸೇರಿಸಿಕೊಂಡು ಪರೀಕ್ಷಿಸಿದರು. ಹೀಗೆ ಕಂಗೆಟ್ಟಿದ್ದಾಗ, 1962ರ ಮೇ ತಿಂಗಳಲ್ಲಿ ಮಾರಾಟಗಾರನೊಬ್ಬ ಅವರ ಪ್ರಯೋಗಾಲಯಕ್ಕೆ ಒಂದು ತುಂಡು ಗಟ್ಟಿ ಪ್ಲಾಸ್ಟಿಕ್ ತಂದುಕೊಟ್ಟ. ಲಂಕಾಶೈರಿನ ಬಟ್ಟೆ ಗಿರಣಿಗಳ ಮಗ್ಗಗಳಲ್ಲಿ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಪಾಲಿಥೀನ್ ಅದು. ಚಾರ್ನ್ಲಿಯವರು ಊರಲ್ಲಿರಲಿಲ್ಲ; ಅವರ ಸಹಾಯಕ ಹ್ಯಾರಿ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕಿ ತಿರುಗಿಸಿದ. ಅದು ಸವೆಯಲೊಲ್ಲದು! ಅದೇ ವರ್ಷದ ನವೆಂಬರಿನಿಂದ ಲೋಹದ ಗುಂಡು, ಪಾಲಿಥೀನಿನ ಬಟ್ಟಲು ಎಂಬ ಜೋಡಿ ಬಳಕೆಗೆ ಬಂತು. ಮುಂದಿನ ಮೂರು ದಶಕಗಳಲ್ಲಿ ಜಗತ್ತಿನೆಲ್ಲೆಡೆ ಕೂರಿಸಿದ ಕೀಲುಗಳಲ್ಲಿ ಬಹುಪಾಲು ಈ ಜೋಡಿಯದೇ.

ನಮ್ಮ ಅಣ್ಣನವರಿಗೆ 1996ರಲ್ಲಿ ಹಾಕಿದ್ದೂ ಇದೇ. ಅಡಿಕೆ ಮರದಿಂದ ಬಿದ್ದು ಮುರಿದ ತೊಡೆಯ ಕುತ್ತಿಗೆ ಕೂಡಿಕೊಳ್ಳದೆ ಹೋದುದರಿಂದ ಬೆಂಗಳೂರಿಗೆ ಕರೆತಂದಿದ್ದೆವು. ಮೂರನೆಯ ತಿಂಗಳಿಗೆ ತೋಟದಲ್ಲಿ ಓಡಾಡಿದರು. ನಮಗಾದ ಆನಂದ ಹೇಳತೀರದು. ಆದರೆ ಆ ಪ್ಲಾಸ್ಟಿಕ್ ಸಹ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸವೆಯುತ್ತದೆ. ಕೇಳಲು ಅಲ್ಪ. ಆದರೆ ಒಂದೊಂದು ಹೆಜ್ಜೆಗೂ ಕಣ್ಣಿಗೆ ಕಾಣದ ಕಣಗಳು ಲಕ್ಷಗಟ್ಟಲೆ ಉದುರುತ್ತವೆ. ದೇಹದ ಕಾವಲು ಜೀವಕೋಶಗಳು ಇವನ್ನು ರೋಗಾಣುಗಳೆಂದು ಬಗೆದು ನುಂಗುತ್ತವೆ. ಅರಗಿಸಿಕೊಳ್ಳಲಾರದೆ ಕೆರಳಿ, ಮೂಳೆಯನ್ನೇ ಕರಗಿಸುವಂತಹ ರಸಗಳಿಗೆ ಪ್ರಚೋದನೆ ನೀಡುತ್ತವೆ. ಗೋಡೆಗೆ ಬಡಿದ ಮೊಳೆಯ ಸುತ್ತ ಗಾರೆ ಉದುರಿದರೆ ಮೊಳೆ ಏನಾಗುವುದೋ ಕೀಲಿಗೂ ಅದೇ ಆಗುತ್ತದೆ. 2011ರಲ್ಲಿ ಅಣ್ಣನವರ ಕೀಲು ಸಡಿಲವಾಯಿತು.

ಮೊದಲು ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗೆ ಹೋಗಿ, ಒಳಗಿಟ್ಟ ಕೀಲು ಯಾವ ಕಂಪನಿಯದು, ಯಾವ ಅಳತೆಯದು ಎಂದು ಕೇಳಿದೆವು. ಹಳೆಯ ಕಡತಗಳೆಲ್ಲ ವಿಲೇವಾರಿಯಾಗಿದ್ದವು. ನಮ್ಮ ಬಳಿ ಇದ್ದುದು ಹಣ ಕಟ್ಟಿದ ರಸೀದಿ ಮಾತ್ರ. ಹೊಸ ವೈದ್ಯರು, "ಒಳಗೇನಿದೆ ಎಂಬುದು ತೆರೆದ ಮೇಲೆಯೇ ತಿಳಿಯುತ್ತದೆ" ಎಂದರು. ಎಲ್ಲ ಅಳತೆಯ ಸಲಕರಣೆಗಳನ್ನೂ ತರಿಸಿಟ್ಟುಕೊಂಡು, ನಾಲ್ಕೂವರೆ ಗಂಟೆ ಶ್ರಮಪಟ್ಟು, ಅಣ್ಣನವರನ್ನು ಉಳಿಸಿಕೊಟ್ಟರು. ಕೋಲು ಮಾತ್ರ ಆಮೇಲೆ ಅವರ ಕೈಬಿಡಲಿಲ್ಲ. ಈ ಸಂಗತಿಗೆ ಮತ್ತೆ ಬರುತ್ತೇವೆ.

ಇನ್ನು ಪಿಂಗಾಣಿಯ ವಿಚಾರ. ಫ್ರಾನ್ಸಿನ ಪೋ ಎಂಬ ಊರಿನ ಪಿಯರ್ ಬುತ್ಯಾಂ ಎಂಬ ವೈದ್ಯರು 1970ರಲ್ಲಿ ಗುಂಡು, ಬಟ್ಟಲು ಎರಡನ್ನೂ ಅಲ್ಯೂಮಿನಾದಿಂದ ಮಾಡಿಸಿ ಕೂರಿಸಿದರು. ಅಲ್ಯೂಮಿನಾ ಎಂದರೆ ಅಲ್ಯೂಮಿನಿಯಂ ಲೋಹದ ಆಕ್ಸೈಡು. ಬೆಳಗಾವಿಯಲ್ಲಿ ಬಾಕ್ಸೈಟ್ ಅದಿರಿನಿಂದ ತೆಗೆಯುವ ಬಿಳಿಯ ಪುಡಿ. ಇದೇ ವಸ್ತು ಭೂಗರ್ಭದಲ್ಲಿ ಹರಳುಗಟ್ಟಿ, ಕಿಂಚಿತ್ ಕ್ರೋಮಿಯಂ ಬೆರೆತರೆ ಮಾಣಿಕ್ಯವಾಗುತ್ತದೆ. ಗಡಸುತನದಲ್ಲಿ ಇದರ ಮುಂದೆ ನಿಲ್ಲುವ ಪ್ರಕೃತಿಸಿದ್ಧ ಖನಿಜ ವಜ್ರವೊಂದೇ ಎನ್ನಬಹುದು. ಆದುದರಿಂದ ಜಾಡಿಯ ಪಿಂಗಾಣಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಜಾಡಿಯದು ಜೇಡಿಯನ್ನು ಸುಟ್ಟು ಮಾಡಿದ್ದು. ಇದು ಶುದ್ಧ ಆಕ್ಸೈಡಿನ ಅತಿ ಸೂಕ್ಷ್ಮ ಹುಡಿಯನ್ನು ಅಚ್ಚಿನಲ್ಲಿ ಒತ್ತಿ, ಅತಿ ಉಷ್ಣದಲ್ಲಿ ಬೇಯಿಸಿ, ಕನ್ನಡಿಗಿಂತಲೂ ನುಣುಪಾಗಿ ಉಜ್ಜಿ ಮಾಡಿದ್ದು.

ವಿವೇಕಾನಂದ ಪಾರ್ಕಿನ ಕಡೆ ಬೆಳಗಿನ ವಾಯುಸೇವನೆಗೆ ಬರುವ ನಮ್ಮ ಮಿತ್ರರೊಬ್ಬರು ಮಲ್ಲೇಶ್ವರದಾಚೆ ಟಾಟಾ ಇನ್‌ಸ್ಟಿಟ್ಯೂಟಿನ ಬಳಿಯ ಬಿ.ಎಚ್.ಇ.ಎಲ್. ಪಿಂಗಾಣಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೈಸೂರು ಸರ್ಕಾರದ ಕಾಲದಿಂದ ಬಂದ ಕಾರ್ಖಾನೆಯದು. ವಿದ್ಯುತ್ ಕಂಬಗಳ ಪಿಂಗಾಣಿಯ ಜೊತೆಗೆ ಅಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಗಾಗಿ ಅಲ್ಯೂಮಿನಾದ ಬಿಲ್ಲೆಗಳೂ ತಯಾರಾಗುತ್ತಿದ್ದವು. "ಕಲ್ಲಿದ್ದಲಿನ ಪುಡಿ ರಭಸದಿಂದ ಹರಿಯುವ ಕೊಳವೆಯ ಬಾಗಿನಲ್ಲಿ ಉಕ್ಕು ಬೇಗ ತೂತುಬೀಳುತ್ತೆ. ಒಳಗೆ ಈ ಬಿಲ್ಲೆ ಅಂಟಿಸಿದರೆ ವರ್ಷಗಟ್ಟಲೆ ತಡೆಯುತ್ತೆ. ಆದರೆ ಅದೇ ಬಿಲ್ಲೆ ಅಂಟಿಸೋವಾಗ ಅಂಚಿಗೆ ಸುತ್ತಿಗೆ ತಾಗಿಸಿದರೆ ಚಕ್ಕೆ ಎದ್ದುಬಿಡುತ್ತೆ" ಎಂದು ಅವರು ಹೇಳಿದ ಮಾತು ನಮಗೆ ಒಂದು ಗ್ರಂಥ ಓದಿದಷ್ಟು ತಿಳಿವು ನೀಡಿತು. ಉಕ್ಕು ಸವೆಯುತ್ತದೆ, ಆದರೆ ಪೆಟ್ಟು ಬಿದ್ದರೆ ನೆಗ್ಗಿ ತಾಳಿಕೊಳ್ಳುತ್ತದೆ. ಅಲ್ಯೂಮಿನಾ ಸವೆಯದು, ತಾಳಿಕೊಳ್ಳುವ ಗುಣವೂ ಅದಕ್ಕಿಲ್ಲ. ಎರಡೂ ಒಂದೇ ಸ್ವಭಾವದ ಎರಡು ಮುಖಗಳು.

ಸವೆತದ ಲೆಕ್ಕ ನೋಡಿದರೆ ಪಿಂಗಾಣಿಗೆ ಸಾಟಿಯಿಲ್ಲ. ಪಿಂಗಾಣಿಯ ಬಟ್ಟಲಿನಲ್ಲಿ ಪಿಂಗಾಣಿಯ ಗುಂಡು ಸರಿಯಾಗಿ ಕೂತರೆ ವರ್ಷಕ್ಕೆ ಸವೆಯುವುದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಅದರ ಮೈ ನೀರನ್ನು ಹಿಡಿದುಕೊಳ್ಳುವುದರಿಂದ ಕೀಲಿನ ದ್ರವ ತೆಳುಪದರವಾಗಿ ನಡುವೆ ನಿಲ್ಲುತ್ತದೆ. ಉದುರುವ ಅಲ್ಪ ಪುಡಿಯೂ ಪ್ಲಾಸ್ಟಿಕ್ ಪುಡಿಯಷ್ಟು ದೇಹವನ್ನು ಕೆರಳಿಸದು. 41ರ ಯುವಕ ಇನ್ನು ನಲವತ್ತು ವರ್ಷ ನಡೆಯಬೇಕಾದವನು. ಪ್ರಯೋಗಾಲಯದ ಯಂತ್ರಗಳಲ್ಲಿ ವರ್ಷವೊಂದಕ್ಕೆ ಹತ್ತು ಲಕ್ಷ ಹೆಜ್ಜೆಯೆಂದು ಲೆಕ್ಕ ಹಿಡಿಯುತ್ತಾರೆ, ಅಂದರೆ ನಾಲ್ಕು ಕೋಟಿ ಹೆಜ್ಜೆ.

ಒಡೆಯುವ ಲೆಕ್ಕಕ್ಕೆ ಬರೋಣ. ಮೊದಮೊದಲಿನ ಅಲ್ಯೂಮಿನಾದಲ್ಲಿ ಹರಳುಗಳು ದಪ್ಪವಿದ್ದು, ನಡುನಡುವೆ ಗಾಳಿಯ ರಂಧ್ರಗಳಿದ್ದವು. ಗುಂಡುಗಳು ಆಗಾಗ ಒಡೆದವು. 1980ರ ದಶಕದಲ್ಲಿ ಜಿರ್ಕೋನಿಯಾ ಎಂಬ ಇನ್ನೊಂದು ಆಕ್ಸೈಡನ್ನು ತಂದರು. ಅದರಲ್ಲಿ ಬಿರುಕು ಹುಟ್ಟಿದರೆ ಬಿರುಕಿನ ತುದಿಯ ಹರಳುಗಳು ರೂಪ ಬದಲಿಸಿ ಉಬ್ಬಿ, ಬಿರುಕನ್ನು ಅಲ್ಲಿಯೇ ಒತ್ತಿ ನಿಲ್ಲಿಸುತ್ತವೆ. ಅದ್ಭುತವಾದ ಗುಣ. ಆದರೆ ದೇಹದ ತೇವದಲ್ಲಿ ಬಿರುಕಿಲ್ಲದೆಯೇ ಹರಳುಗಳು ಮೆಲ್ಲಮೆಲ್ಲನೆ ರೂಪ ಬದಲಿಸಿ ಮೈ ಒರಟಾಗುವ ಸಂಭವವೂ ಇತ್ತು. ಫ್ರಾನ್ಸಿನ ತಯಾರಕರೊಬ್ಬರು 1998ರಲ್ಲಿ ಹಳೆಯ ಕುಲುಮೆಯನ್ನು ಬಿಟ್ಟು, ಸರಕು ಸಾಲಾಗಿ ಚಲಿಸುತ್ತ ಬೇಯುವ ಸುರಂಗದಂತಹ ಹೊಸ ಕುಲುಮೆಗೆ ಬದಲಾಯಿಸಿಕೊಂಡರು. ಆ ಕುಲುಮೆಯಲ್ಲಿ ಬೆಂದ ಗುಂಡುಗಳ ಕೆಲವು ತಂಡಗಳು ರೋಗಿಗಳ ಸೊಂಟದೊಳಗೆ ಒಂದಾದ ಮೇಲೊಂದು ಒಡೆಯತೊಡಗಿ, 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು. ಆವಿಗೆ ಬದಲಾದರೆ ಗಡಿಗೆಯ ಗುಣ ಬದಲಾಗುತ್ತದೆಂದು ನಮ್ಮ ಪಾಟರಿ ಟೌನಿನ ಯಾವ ಕುಂಬಾರನನ್ನು ಕೇಳಿದ್ದರೂ ಹೇಳುತ್ತಿದ್ದ!

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಎರಡರ ಮಿಶ್ರಣ. ನೂರರಲ್ಲಿ ಸುಮಾರು 80 ಪಾಲು ಅಲ್ಯೂಮಿನಾ, ಅದರೊಳಗೆ ಬಿಗಿಯಾಗಿ ಹಿಡಿದಿಟ್ಟ ಜಿರ್ಕೋನಿಯಾದ ಕಣಗಳು. ಜರ್ಮನಿಯ ಸೆರಾಮ್‌ಟೆಕ್ ಕಂಪನಿಯ ಬಯೋಲಾಕ್ಸ್ ಡೆಲ್ಟಾ ಇದರಲ್ಲಿ ಪ್ರಸಿದ್ಧ. ಅದು ನಸುಗೆಂಪಾಗಿರುತ್ತದೆ, ಮಾಣಿಕ್ಯವನ್ನು ಕೆಂಪಾಗಿಸುವ ಕ್ರೋಮಿಯಮ್ಮೇ ಇದರ ಬಣ್ಣಕ್ಕೂ ಕಾರಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೀಲು ದಾಖಲಾತಿಯಿಂದ ಆಯ್ದ ಎರಡು ಲಕ್ಷಕ್ಕೂ ಮಿಕ್ಕ ಶಸ್ತ್ರಚಿಕಿತ್ಸೆಗಳ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಹಳೆಯ ಅಲ್ಯೂಮಿನಾ ಗುಂಡುಗಳು ನೂರಕ್ಕೆ 0.119ರಂತೆ, ಅಂದರೆ ಸುಮಾರು 840ಕ್ಕೆ ಒಂದು ಒಡೆದಿದ್ದವು. ಹೊಸ ಮಿಶ್ರಣದ ಗುಂಡುಗಳು ನೂರಕ್ಕೆ 0.009, ಹನ್ನೊಂದು ಸಾವಿರಕ್ಕೆ ಒಂದು. ಇದನ್ನು ಕೇಳಿ ಆ ತಾಯಿಯ ಮುಖ ಅರಳಿತು.

ಆದರೆ ಅದೇ ಲೆಕ್ಕದ ಮುಂದಿನ ಸಾಲನ್ನೂ ಹೇಳಬೇಕಲ್ಲ. ಪಿಂಗಾಣಿಯ ಬಟ್ಟಲುಗಳು ಮಾತ್ರ ಹಳೆಯವೂ ಹೊಸವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಎಂಟು ಒಂಬತ್ತು ನೂರಕ್ಕೆ ಒಂದರಂತೆ, ಒಡೆದಿದ್ದವು. ವಸ್ತು ಎಷ್ಟು ಸುಧಾರಿಸಿದರೂ ಬಟ್ಟಲಿನ ಅಂಚು ತೆಳುವೇ. ಕೂರಿಸುವಾಗ ಎಳ್ಳಷ್ಟು ಓರೆಯಾದರೆ ಅಂಚಿನಲ್ಲಿ ಚಕ್ಕೆ ಏಳಬಹುದು. ಬಟ್ಟಲಿನ ಕೋನ ತಪ್ಪಿದ್ದರೆ ಗುಂಡು ನಡುವೆ ನಿಲ್ಲದೆ ಅಂಚಿನ ಮೇಲೆ ಭಾರ ಹಾಕುತ್ತದೆ. ಅಲ್ಲಿ ಪಟ್ಟೆಯಂತೆ ಸವೆಯುತ್ತದೆ. ಕೆಲವರಿಗೆ ನಡೆದಾಗ ಎಣ್ಣೆ ಕಾಣದ ಬಾಗಿಲಿನಂತೆ ಕಿರ್ರೆಂಬ ಸದ್ದೂ ಕೇಳಿಸುತ್ತದೆ. ಗುಂಡನ್ನು ಕಂಬಿಯ ತುದಿಗೆ ಕೂರಿಸುವಾಗ ನಡುವೆ ರಕ್ತ, ಕೊಬ್ಬು, ಮೂಳೆಯ ಚೂರು ಉಳಿದರೂ ಬಲವೆಲ್ಲ ಒಂದೇ ಬಿಂದುವಿಗೆ ಬಿದ್ದು ಬಿರುಕಿಗೆ ಬೀಜವಾಗುತ್ತದೆ. ಲೋಹ ಇಂತಹ ಎಷ್ಟೋ ತಪ್ಪುಗಳನ್ನು ಕ್ಷಮಿಸುತ್ತದೆ. ಹಾಗಾಗಿ ಪಿಂಗಾಣಿಯ ಬಾಳಿಕೆಯಲ್ಲಿ ಕಾರ್ಖಾನೆಯ ಪಾಲಿನಷ್ಟೇ ವೈದ್ಯರ ಕೈಯ ಪಾಲೂ ಇದೆ.

ಆ ತಾಯಿಯ ಹಾಳೆಯ ಮೂರನೆಯ ಸಾಲು ಪಿಂಗಾಣಿಯ ಗುಂಡು, ಪ್ಲಾಸ್ಟಿಕ್ಕಿನ ಬಟ್ಟಲು ಎಂದಿತ್ತು. "ಇದೇನು, ಅರ್ಧಂಬರ್ಧ?" ಎಂದು ಅವರು ಕೇಳಿದರು. ಈ ಪ್ಲಾಸ್ಟಿಕ್ ಅಣ್ಣನವರಿಗೆ ಹಾಕಿದ್ದಲ್ಲ. 1990ರ ದಶಕದ ಕೊನೆಗೆ ಬಂದ ಇದರಲ್ಲಿ ವಿಕಿರಣ ಹಾಯಿಸಿ ಒಳಗಿನ ಎಳೆಗಳನ್ನು ಒಂದಕ್ಕೊಂದು ಹೆಣೆದಿರುತ್ತಾರೆ. ಬಿಡಿ ನೂಲಿಗೂ ನೇಯ್ದ ಬಟ್ಟೆಗೂ ಇರುವಷ್ಟು ಅಂತರ. ಸವೆತ ಹಳೆಯದರ ಐದನೆಯ ಒಂದು ಪಾಲಿಗೂ ಕೆಳಗಿಳಿದಿದೆ. ಒಡೆಯಬಹುದಾದ ಪಿಂಗಾಣಿ ಬಟ್ಟಲು ಇಲ್ಲಿಲ್ಲ, ಗೀರು ಬೀಳದ ಪಿಂಗಾಣಿ ಗುಂಡು ಇದೆ. ಹಲವು ದೇಶಗಳ ವೈದ್ಯರು ಇಂದು ಈ ಜೋಡಿಯ ಕಡೆಗೇ ಒಲಿದಿದ್ದಾರೆ; ನಮಗೂ ಇದು ವಿವೇಕವೆಂದು ತೋರುತ್ತದೆ. ಆದರೆ ಎಪ್ಪತ್ತೈದು ದಾಟಿ, ಮನೆಯೊಳಗೆ, ಗುಡಿಯವರೆಗೆ ನಡೆದರೆ ಸಾಕೆನ್ನುವ ಹಿರಿಯರಿಗೆ ಲೋಹದ ಗುಂಡು ಮತ್ತು ಈ ಹೊಸ ಪ್ಲಾಸ್ಟಿಕ್ಕೇ ಸಾಕೆಂದು ಅನೇಕ ವೈದ್ಯರು ಹೇಳುತ್ತಾರೆ. ಪಿಂಗಾಣಿ ಹಾಕಿಸದಿದ್ದರೆ ತಂದೆಗೆ ದ್ರೋಹವಾದೀತೆಂದು ಹೊಲ ಒತ್ತೆಯಿಟ್ಟ ಮಕ್ಕಳನ್ನು ನಾವು ಕಂಡಿದ್ದೇವೆ. ಅದರ ಅಗತ್ಯವಿರಲಿಲ್ಲ. ಖಾಸಗಿ ಆಸ್ಪತ್ರೆಯ ಹಾಳೆ ನೋಡಿ ಕಂಗೆಡುವ ಮೊದಲು ಜಯನಗರದ ಕಡೆಯ ಸಂಜಯ್ ಗಾಂಧಿ ಆಸ್ಪತ್ರೆಯಲ್ಲಿಯೂ ಒಮ್ಮೆ ವಿಚಾರಿಸುವುದು ಒಳ್ಳೆಯದು. ಹಾಗೆಯೇ "ಇದು ಜೀವನಪರ್ಯಂತ" ಎಂದು ಯಾರಾದರೂ ಹೇಳಿದರೆ ನಂಬುವ ಮುನ್ನ ಯೋಚಿಸಬೇಕು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ 25 ವರ್ಷ ಬಾಳಿದ ಸೊಂಟದ ಕೀಲುಗಳು ನೂರಕ್ಕೆ ಸುಮಾರು 58. ಅವು ಹಳೆಯ ವಸ್ತುಗಳವು ಎಂಬುದು ನಿಜ. ಹೊಸವು ಇನ್ನೂ ಅಷ್ಟು ವರ್ಷ ಕಂಡಿಲ್ಲ ಎಂಬುದೂ ನಿಜ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡದವರು ಕೃತಕ ಕೀಲುಗಳ ಗುಂಡು ಬಟ್ಟಲುಗಳಿಗೆ ಬೇಕಾದ ಪಿಂಗಾಣಿ, ಪ್ಲಾಸ್ಟಿಕ್ ವಸ್ತುಗಳನ್ನು ಕುರಿತು ವರ್ಷಗಳಿಂದ ಸಂಶೋಧನೆ ನಡೆಸಿದ್ದಾರೆಂಬುದು ಸಂತೋಷದ ಸಂಗತಿ.

ಅಣ್ಣನವರ ಕಡತದ ಮಾತಿಗೆ ಈಗ ಬರುತ್ತೇವೆ. ಪಿಂಗಾಣಿ ಒಡೆದಾಗ ಎಷ್ಟು ತೊಳೆದರೂ ಕಣ್ಣಿಗೆ ಕಾಣದ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ಆ ಜಾಗಕ್ಕೆ ಲೋಹದ ಗುಂಡನ್ನು ಕೂರಿಸಿದರೆ, ಆ ಚೂರುಗಳು ಉಪ್ಪುಕಾಗದದಂತೆ ಲೋಹವನ್ನು ತೇಯ್ದು, ಕೋಬಾಲ್ಟ್ ರಕ್ತಕ್ಕೆ ಸೇರಿ, ಹೃದಯ, ಕಿವಿ, ಕಣ್ಣುಗಳಿಗೆ ಹಾನಿಯಾದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿವೆ. ಆದುದರಿಂದ ಅಲ್ಲಿ ಮತ್ತೆ ಪಿಂಗಾಣಿಯ ಗುಂಡನ್ನೇ ಹಾಕಬೇಕೆಂಬುದು ತಜ್ಞರ ಅಭಿಮತ. ಇಪ್ಪತ್ತು ವರ್ಷಗಳ ಮೇಲೆ, ಬೇರೆ ಊರಿನಲ್ಲಿ, ಬೇರೆ ವೈದ್ಯರ ಮುಂದೆ ಮಲಗಿದಾಗ ಒಳಗೆ ಇರುವುದೇನೆಂದು ಹೇಳುವವರು ಯಾರು?

ನಮ್ಮ ದೇಶ ಈ ಪಾಠವನ್ನು ಕಷ್ಟದಿಂದ ಕಲಿತಿದೆ. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ಇದ್ದ ಡಿಪ್ಯೂ ಕಂಪನಿಯ ಎ.ಎಸ್.ಆರ್. ಎಂಬ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ಭಾರತದಲ್ಲಿ ಅದನ್ನು ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಬಳಸಲಾಗಿತ್ತು. ಕೇಂದ್ರ ಸರ್ಕಾರದ ಸಮಿತಿ ಪರಿಹಾರದ ಲೆಕ್ಕ ಹಾಕಿ, 2018ರಲ್ಲಿ ಹಣ ಕೊಡಿಸಬೇಕೆಂದು ಹೊರಟಾಗ ರೋಗಿಗಳಲ್ಲಿ ಹೆಚ್ಚಿನವರ ವಿಳಾಸವೇ ಸಿಗಲಿಲ್ಲ. ಯಾರ ಸೊಂಟದಲ್ಲಿ ಯಾವ ಕೀಲಿದೆ ಎಂಬ ದಾಖಲೆ ಆಸ್ಪತ್ರೆಯಲ್ಲಿಯೂ ಇರಲಿಲ್ಲ, ರೋಗಿಯ ಮನೆಯಲ್ಲಿಯೂ ಇರಲಿಲ್ಲ.

ಪ್ರತಿ ಕೀಲಿನ ಪೆಟ್ಟಿಗೆಯಲ್ಲಿಯೂ ಕಂಪನಿಯ ಹೆಸರು, ವಸ್ತು, ಅಳತೆ, ತಂಡದ ಸಂಖ್ಯೆಗಳನ್ನು ಮುದ್ರಿಸಿದ ಅಂಟುಚೀಟಿಗಳು ಬರುತ್ತವೆ. ಗುಂಡಿಗೊಂದು, ಬಟ್ಟಲಿಗೊಂದು, ಕಂಬಿಗೊಂದು. ಒಂದು ಪ್ರತಿಯನ್ನು ಆಸ್ಪತ್ರೆಯವರು ತಮ್ಮ ಕಡತಕ್ಕೆ ಅಂಟಿಸಿಕೊಳ್ಳಲಿ; ಇನ್ನೊಂದನ್ನು ಮನೆಗೆ ಕೇಳಿ ಪಡೆಯಬೇಕು. ಕೇಳಲು ಸಂಕೋಚಪಡಬಾರದು. ಹಣ ಕೊಟ್ಟು ಕೊಂಡ ಮಿಕ್ಸಿಗೆ ಗ್ಯಾರಂಟಿ ಕಾರ್ಡು ಕೇಳುವ ನಾವು ಮೈಯೊಳಗಿಡುವ ವಸ್ತುವಿಗೆ ಕೇಳದೆ ಬರುತ್ತೇವೆ!

ಹೊರಡುವ ಮುನ್ನ ಆ ತಾಯಿ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಕೇಳಿದರು. "ಅವನು ದಿನಾ ಬೆಳಿಗ್ಗೆ ಮಣೆಯ ಮೇಲೆ ಕೂತು ಲಿಂಗಪೂಜೆ ಮಾಡಿಕೊಳ್ಳೋನು. ಆಮೇಲೆ ಕೂರಬಹುದಾ?" ಅದನ್ನು ವೈದ್ಯರನ್ನೇ ಕೇಳಬೇಕೆಂದೆವು. ಕುಕ್ಕರುಗಾಲಲ್ಲಿ ಕೂರುವಾಗ, ಚಕ್ಕಳಮಕ್ಕಳ ಹಾಕುವಾಗ ಕಂಬಿಯ ಕುತ್ತಿಗೆ ಬಟ್ಟಲಿನ ಅಂಚಿಗೆ ತಾಗಬಹುದು, ಗುಂಡು ಜಾರಬಹುದು, ಬಟ್ಟಲೂ ಪಿಂಗಾಣಿಯದಾದರೆ ಆ ತಾಗುವಿಕೆ ಇನ್ನೂ ಅಪಾಯ. ದೊಡ್ಡ ಗುಂಡು ಹಾಕಿದರೆ ಕೊಂಚ ಅವಕಾಶ ಹೆಚ್ಚೀತು. ಶಸ್ತ್ರಕ್ರಿಯೆಗೆ ಮೊದಲೇ, "ನಮ್ಮ ಹುಡುಗ ನೆಲದ ಮೇಲೆ ಕೂರುವವನು" ಎಂದು ತಿಳಿಸಿದರೆ ವೈದ್ಯರು ಅದನ್ನು ಮನಸ್ಸಿನಲ್ಲಿಟ್ಟು ಕೆಲಸ ಮಾಡುತ್ತಾರೆ. ಇಷ್ಟಲಿಂಗದ ಪೂಜೆ ನಡೆಯುವುದು ಅಂಗೈಯಲ್ಲಿ. ಕುರ್ಚಿಯ ಮೇಲೆ ಕುಳಿತರೂ ಅಂಗೈ ಅಂಗೈಯೇ ಎಂದು, ನಮಗೆ ಅಧಿಕಾರವಿರುವ ವಿಷಯವಾದುದರಿಂದ, ಧೈರ್ಯವಾಗಿ ಹೇಳಿದೆವು.

ಮೂರು ವಾರಗಳ ಹಿಂದೆ ಶಸ್ತ್ರಕ್ರಿಯೆ ನಡೆಯಿತು. ವೈದ್ಯರೊಡನೆ ಮಾತನಾಡಿ ಆತನೇ ಮೂರನೆಯ ಸಾಲನ್ನು ಆರಿಸಿಕೊಂಡ. ಮೊನ್ನೆ ನೋಡಲು ಹೋದಾಗ ಊರುಗೋಲು ಹಿಡಿದು ಬಾಗಿಲವರೆಗೆ ಬಂದು ಶರಣು ಹೇಳಿದ. ತಾಯಿ ಬೀರುವಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ತೆರೆದು ತೋರಿಸಿದರು. ಊರಿನ ಜಮೀನಿನ ಪಹಣಿ, ಮನೆಯ ಖಾತೆ ಪತ್ರ, ಅವುಗಳ ನಡುವೆ ದಪ್ಪ ರಟ್ಟಿಗೆ ಅಂಟಿಸಿದ ನಾಲ್ಕು ಚೀಟಿ. ಅಕ್ಷರ ಸಣ್ಣದೆಂದು ಕನ್ನಡಕ ಹಾಕಿಕೊಂಡು ಓದಿದೆವು. ಗುಂಡಿನ ಅಳತೆ 36 ಮಿಲಿಮೀಟರ್ ಎಂದಿತ್ತು.